ನೆಲದಡಿಯ ವಿಷದ ಜಾಡು

ಹೊಳೆಯ ನೀರು ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಬಣ್ಣ ತಿರುಗುತ್ತದೆ, ಮೀನು ಸತ್ತು ತೇಲುತ್ತದೆ, ದಡದಲ್ಲಿ ನಡೆಯುವವರು ಮೂಗು ಮುಚ್ಚಿಕೊಳ್ಳುತ್ತಾರೆ. ಭೂಮಿಯ ಒಡಲಿನ ನೀರು ಕೆಟ್ಟರೆ ಅಂಥ ಸುಳಿವೇನೂ ಸುಲಭವಾಗಿ ದೊರೆಯದು. ಮಣ್ಣಿನಲ್ಲಿ ಇಂಗಿದ್ದು ಮಾಯವಾಯಿತೆಂದು ಚೆಲ್ಲಿದವನು ನೆಮ್ಮದಿಯಿಂದಿರುತ್ತಾನೆ. ವರ್ಷಗಳ ತರುವಾಯ ಅದು ಮತ್ತಾರದೋ ಮನೆಯ ನಲ್ಲಿಯಲ್ಲಿ ಬರುತ್ತದೆ. ಹಾಗೆ ಬಂದ ವಿಷದ ಮೂಲವನ್ನು ಹುಡುಕುವುದು ಎಷ್ಟು ಕಷ್ಟ, ಅದನ್ನು ಹೊರದೆಗೆಯುವುದು ಇನ್ನೆಷ್ಟು ಕಷ್ಟ ಎಂಬುದಕ್ಕೆ ಅಮೆರಿಕದ ವೂಬರ್ನ್ ಪಟ್ಟಣವು ಸಾಕ್ಷಿಯಾಗಿದೆ.

ಎರಡು ಹೊಸ ಬಾವಿಗಳು

ಬೋಸ್ಟನ್ ನಗರದ ಉತ್ತರಕ್ಕೆ ಸುಮಾರು ಹತ್ತು ಮೈಲಿ ದೂರದಲ್ಲಿರುವ ವೂಬರ್ನ್, ಹತ್ತೊಂಬತ್ತನೆಯ ಶತಮಾನದಿಂದಲೂ ಚರ್ಮ ಹದಮಾಡುವ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರು. ನೀರಿನ ಬೇಡಿಕೆ ಹೆಚ್ಚಿದಾಗ ಪುರಾಡಳಿತವು ಅಬರ್‌ಜೋನ ನದಿಯ ಪಕ್ಕದಲ್ಲಿ 1964ರಲ್ಲಿ ಒಂದು, 1967ರಲ್ಲಿ ಮತ್ತೊಂದು ಬಾವಿಯನ್ನು ಕೊರೆಯಿಸಿತು. ‘ಜಿ’ ಮತ್ತು ‘ಎಚ್’ ಎಂಬ ಈ ಬಾವಿಗಳ ನೀರು ಹೆಚ್ಚಾಗಿ ಊರಿನ ಪೂರ್ವಭಾಗದ ಮನೆಗಳಿಗೆ ಹರಿಯತೊಡಗಿತು.

ನೀರಿಗೆ ಕೆಟ್ಟ ವಾಸನೆ, ಕೆಟ್ಟ ರುಚಿ ಇದೆಯೆಂದು ಗೃಹಿಣಿಯರು ದೂರಿದರು. ಕುಡಿಯಲು ಅಡ್ಡಿಯಿಲ್ಲವೆಂದು ಅಧಿಕಾರಿಗಳು ಉತ್ತರಿಸಿದರು. 1972ರಲ್ಲಿ ಅಲ್ಲಿನ ಒಬ್ಬ ಪುಟ್ಟ ಬಾಲಕನಿಗೆ ಲ್ಯುಕೀಮಿಯ, ಅಂದರೆ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಮಗನ ಚಿಕಿತ್ಸೆಗಾಗಿ ಓಡಾಡುತ್ತಿದ್ದ ತಾಯಿಗೆ ಅದೇ ರೋಗದ ಬೇರೆ ಮಕ್ಕಳ ಪರಿಚಯವಾಯಿತು. ಆ ಮಕ್ಕಳೂ ತನ್ನ ನೆರೆಕೇರಿಯವರೇ ಎಂಬುದು ಆಕೆಯನ್ನು ಕಾಡಿತು. ಎಲ್ಲರಿಗೂ ಸಮಾನವಾದುದು ಗಾಳಿ ಮತ್ತು ನೀರು ಎಂದು ಆಕೆ ಯೋಚಿಸಿದಳು. ಆಕೆಯ ಮಾತನ್ನು ಬಹುಕಾಲ ಯಾರೂ ನಂಬಲಿಲ್ಲ.

1979ರ ಮೇ ತಿಂಗಳಲ್ಲಿ ಬಾವಿಗಳಿಗೆ ಸಮೀಪದ ಖಾಲಿ ನಿವೇಶನದಲ್ಲಿ ಯಾರೋ ಬಿಟ್ಟುಹೋಗಿದ್ದ 184 ಪೀಪಾಯಿಗಳು ಕಂಡವು. ಮುನ್ನೆಚ್ಚರಿಕೆಗೆಂದು ಬಾವಿಯ ನೀರನ್ನು ಪರೀಕ್ಷಿಸಲಾಯಿತು. ಪೀಪಾಯಿಗಳಲ್ಲಿದ್ದುದು ಬೇರೆ, ನೀರಿನಲ್ಲಿ ಸಿಕ್ಕಿದ್ದೇ ಬೇರೆ! ಲೋಹದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಎಂಬ ದ್ರವವು ‘ಜಿ’ ಬಾವಿಯಲ್ಲಿ ನೂರು ಕೋಟಿ ಪಾಲಿಗೆ 267 ಪಾಲಿನಷ್ಟಿತ್ತು. ಮುಂದೆ ಅಮೆರಿಕವು ಕುಡಿಯುವ ನೀರಿಗೆ ಗೊತ್ತುಮಾಡಿದ ಮಿತಿ ಕೇವಲ 5 ಪಾಲು. ಬಾವಿಗಳನ್ನು ಕೂಡಲೆ ಮುಚ್ಚಲಾಯಿತು.

ಆ ತಾಯಿಯೂ ಊರಿನ ಪಾದ್ರಿಯೊಬ್ಬರೂ ರೋಗಪೀಡಿತ ಮಕ್ಕಳ ಕುಟುಂಬಗಳನ್ನು ಚರ್ಚಿನಲ್ಲಿ ಸೇರಿಸಿ, ಮನೆಗಳನ್ನು ಊರಿನ ನಕಾಶೆಯ ಮೇಲೆ ಗುರುತಿಸಿದರು. ಗುರುತುಗಳು ಪೂರ್ವಭಾಗದಲ್ಲಿ ಒತ್ತಾಗಿದ್ದವು. 1969ರಿಂದ 1979ರವರೆಗೆ ಊರಿನಲ್ಲಿ 12 ಮಕ್ಕಳಿಗೆ ಲ್ಯುಕೀಮಿಯ ತಗುಲಿತ್ತೆಂದು ಸರ್ಕಾರದ ತನಿಖೆ ಹೇಳಿತು. ಅಷ್ಟು ಜನಸಂಖ್ಯೆಗೆ ನಿರೀಕ್ಷಿಸಬಹುದಾದುದು ಸುಮಾರು ಐದು. ಮೊದಲು ಸಂಶಯಪಟ್ಟ ತಾಯಿಯ ಮಗ 1981ರಲ್ಲಿ ತೀರಿಕೊಂಡ. ಅವನಿಗೆ ಆಗ ಹನ್ನೆರಡು ವರ್ಷ.

ಜಾಡು ಹಿಡಿದ ಬಗೆ

ವಿಷ ಎಲ್ಲಿಂದ ಬಂತು? ನೆಲದಡಿಯ ನೀರು ನಿಂತಿರುವುದಿಲ್ಲ. ಮರಳು, ಜಲ್ಲಿಗಳ ಸಂದುಗಳಲ್ಲಿ ನಿಧಾನವಾಗಿ ಹರಿಯುತ್ತದೆ. ತಜ್ಞರು ಸುತ್ತಲೂ ಸಣ್ಣ ಪರೀಕ್ಷಾ ಬಾವಿಗಳನ್ನು ಕೊರೆದು ನೀರಿನ ಮಟ್ಟವನ್ನಳೆಯುತ್ತಾರೆ. ಮಟ್ಟ ಎತ್ತರವಿರುವ ಕಡೆಯಿಂದ ತಗ್ಗಿನ ಕಡೆಗೆ ಹರಿವು. ಪ್ರತಿ ಬಾವಿಯ ನೀರಿನಲ್ಲೂ ವಿಷದ ಪ್ರಮಾಣವನ್ನು ನೋಡುತ್ತ, ಹರಿವಿಗೆ ಎದುರಾಗಿ ಹೋದಂತೆ ಅದು ಏರುತ್ತಿದ್ದರೆ ಮೂಲವು ಹತ್ತಿರವಾಯಿತೆಂದು ಅರ್ಥ.

ವೂಬರ್ನ್‌ನಲ್ಲಿ 1985ರ ಡಿಸೆಂಬರಿನಲ್ಲಿ ಸರ್ಕಾರಿ ಭೂವಿಜ್ಞಾನಿಗಳು ಮುಚ್ಚಿದ ಬಾವಿಗಳ ಪಂಪುಗಳನ್ನು ಮತ್ತೆ ಹೂಡಿ, ಮೂವತ್ತು ದಿನ ಎಡೆಬಿಡದೆ ನೀರೆತ್ತಿದರು. ಆ ಸೆಳೆತಕ್ಕೆ ನದಿಯ ನೀರೂ ನೆಲದೊಳಕ್ಕೆ ಇಳಿದು ಬಾವಿಗಳತ್ತ ಸಾಗುವುದು ಕಂಡಿತು. ಒಟ್ಟಿನಲ್ಲಿ ಸರ್ಕಾರವು ಐದು ನಿವೇಶನಗಳನ್ನು ವಿಷದ ಮೂಲಗಳೆಂದು ಗುರುತಿಸಿತು.

ಎಂಟು ಕುಟುಂಬಗಳು ಹೂಡಿದ ಮೊಕದ್ದಮೆಯಲ್ಲಿ, 1986ರಲ್ಲಿ ಜ್ಯೂರಿಯು ಡಬ್ಲ್ಯು. ಆರ್. ಗ್ರೇಸ್ ಕಂಪನಿಯನ್ನು ಹೊಣೆಯೆಂದಿತು. ಬಿಯಾಟ್ರಿಸ್ ಕಂಪನಿಯನ್ನು ಬಿಟ್ಟಿತು. ನ್ಯಾಯಾಧೀಶರು ಮರುವಿಚಾರಣೆಗೆ ಆಜ್ಞೆ ಮಾಡಲು, ಗ್ರೇಸ್ ಕಂಪನಿಯು 80 ಲಕ್ಷ ಡಾಲರ್ ಕೊಟ್ಟು ರಾಜಿಮಾಡಿಕೊಂಡಿತು. ಸರ್ಕಾರಕ್ಕೆ ಸುಳ್ಳು ಹೇಳಿದ ಒಂದು ಆರೋಪವನ್ನು ಒಪ್ಪಿಕೊಂಡು 1988ರಲ್ಲಿ ಅದು 10,000 ಡಾಲರ್ ದಂಡವನ್ನೂ ತೆತ್ತಿತು.

ತೊಳೆಯಲು ಎಷ್ಟು ಕಾಲ?

ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಆದುದರಿಂದ ಅದು ಅಂತರ್ಜಲದ ಕೆಳಗೂ ಇಳಿದು ಮಣ್ಣಿನ ಸಂದುಗಳಲ್ಲಿ, ಬಂಡೆಯ ಬಿರುಕುಗಳಲ್ಲಿ ಅಡಗಿ, ಹರಿಯುವ ನೀರಿಗೆ ಇಷ್ಟಿಷ್ಟೇ ಬೆರೆಯುತ್ತಿರುತ್ತದೆ. ಒಮ್ಮೆ ನೀರನ್ನು ಬರಿದುಮಾಡಿದರೂ ಅಡಗಿದ್ದುದು ಮತ್ತೆ ಕರಗಿ ಬರುತ್ತದೆ.

1991ರಲ್ಲಿ ಕಂಪನಿಗಳು ಸುಮಾರು 6.9 ಕೋಟಿ ಡಾಲರ್ ಮೊತ್ತದ ಶುದ್ಧೀಕರಣಕ್ಕೆ ಒಪ್ಪಿದವು. 1992ರಿಂದ ಕೆಲವು ನಿವೇಶನಗಳಲ್ಲಿ ನೀರನ್ನು ಮೇಲೆತ್ತಿ, ನೇರಳಾತೀತ ಕಿರಣ ಮತ್ತು ಇಂಗಾಲದ ಶೋಧಕಗಳಿಂದ ಶುದ್ಧಿಮಾಡುವ ಕಾರ್ಯ ನಡೆಯಿತು. ಇನ್ನೊಂದೆಡೆ ಮಣ್ಣಿನೊಳಗಿನ ಗಾಳಿಯನ್ನು ಹೀರಿ ತೆಗೆದು, ಅದರೊಡನೆ ಬರುವ ವಿಷದ ಆವಿಯನ್ನು ಹಿಡಿಯಲಾಯಿತು. ಇಷ್ಟಾಗಿ ದಶಕಗಳೇ ಕಳೆದರೂ ಆ ಎರಡು ಬಾವಿಗಳು ಕುಡಿಯುವ ನೀರಿಗಾಗಿ ಮತ್ತೆ ತೆರೆದಿಲ್ಲ.

ತಾಯಿಯ ಸಂಶಯಕ್ಕೆ ವಿಜ್ಞಾನದ ಬೆಂಬಲ ಬಂದದ್ದು 1990ರ ದಶಕದಲ್ಲಿ. ಗರ್ಭಿಣಿಯರಾಗಿದ್ದಾಗ ಆ ಬಾವಿಗಳ ನೀರು ಕುಡಿದಿರಬಹುದಾದ ತಾಯಂದಿರ ಮಕ್ಕಳಲ್ಲಿ ಲ್ಯುಕೀಮಿಯದ ಅಪಾಯವು ಹೆಚ್ಚಿತ್ತೆಂದು ಮ್ಯಾಸಚೂಸೆಟ್ಸ್ ರಾಜ್ಯದ ಆರೋಗ್ಯ ಇಲಾಖೆಯ ಅಧ್ಯಯನವು ತಿಳಿಸಿತು.

ನೀರಿನ ರುಚಿ ಕೆಟ್ಟಿದೆಯೆಂದು ಗೃಹಿಣಿಯರು ಹೇಳಿದಾಗಲೇ ಸರಿಯಾದ ಪರೀಕ್ಷೆ ನಡೆದಿದ್ದರೆ ಆ ಬಾವಿಗಳು ವರ್ಷಗಳಷ್ಟು ಮುಂಚೆಯೇ ಮುಚ್ಚುತ್ತಿದ್ದವು. ಕಾರ್ಖಾನೆಯ ಹಿತ್ತಿಲಲ್ಲಿ ಒಂದು ಪೀಪಾಯಿಯನ್ನು ಬಗ್ಗಿಸಲು ಕೆಲವು ನಿಮಿಷ ಸಾಕು. ಅದನ್ನು ನೆಲದಿಂದ ಮರಳಿ ಪಡೆಯಲು ಒಂದು ತಲೆಮಾರಿನ ದುಡಿಮೆಯೂ ಸಾಲದಾಯಿತು.