ಕನ್ನಡಿ ಇಲ್ಲದ ಕ್ಯಾಮೆರಾ: ಸುಧಾರಣೆಗೆ ಇನ್ನೂ ಎಷ್ಟು ಅವಕಾಶ?

ಹಾವೇರಿ: ದೀಪಾವಳಿ ಮುಗಿಯುತ್ತಿದ್ದಂತೆ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಆರಂಭವಾಗುತ್ತವೆ. ಕೊಬ್ಬರಿ ಸರ, ಬಲೂನುಗಳಿಂದ ಸಿಂಗಾರಗೊಂಡ ಹೋರಿ ಜನರ ನಡುವೆ ನುಗ್ಗಿ ಬರುತ್ತದೆ. ಅದರ ಕೊರಳ ಕೊಬ್ಬರಿಗೆ ಯುವಕನೊಬ್ಬ ಕೈ ಹಾಕುವ ಗಳಿಗೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಕಳೆದುಹೋಗುತ್ತದೆ. ಮರುದಿನದ ಪತ್ರಿಕೆಗೆ ಆ ಚಿತ್ರ ಬೇಕು. ಅದನ್ನು ತೆಗೆಯಬೇಕಾದ ಛಾಯಾಗ್ರಾಹಕರ ಕೈಯಲ್ಲಿರುವ ಕ್ಯಾಮೆರಾ ಯಾವುದಿರಬೇಕು ಎಂಬುದು ಈಗಿನ ಚರ್ಚೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳ ಸ್ಟುಡಿಯೊಗಳಿಗೆ ಇದು ಬರೀ ಹವ್ಯಾಸದ ಪ್ರಶ್ನೆಯಲ್ಲ. ಮದುವೆ, ಸೀಮಂತ, ಗೃಹಪ್ರವೇಶಗಳನ್ನೇ ನಂಬಿದ ಈ ವೃತ್ತಿಯಲ್ಲಿ ಒಂದು ಕ್ಯಾಮೆರಾ, ಎರಡು ಮೂರು ಲೆನ್ಸ್ ಎಂದರೆ ಹಲವು ವರ್ಷಗಳ ದುಡಿಮೆಯ ಬಂಡವಾಳ. ಅದನ್ನು ಮಾರಿ ‘ಮಿರರ್‌ಲೆಸ್’ ಕೊಳ್ಳಬೇಕೆ, ಇದ್ದ ಡಿಎಸ್‌ಎಲ್‌ಆರ್‌ನಲ್ಲೇ ಮುಂದುವರಿಯಬೇಕೆ? ಹೊಸ ಬಗೆಯ ಕ್ಯಾಮೆರಾ ಪಕ್ವವಾಗಿದೆಯೇ, ಇಲ್ಲವೇ ಇನ್ನಷ್ಟು ಸುಧಾರಿಸುವವರೆಗೆ ಕಾಯುವುದು ಲೇಸೆ? ಇದಕ್ಕೆ ಉತ್ತರ ಸಿಗಬೇಕಾದರೆ ಕ್ಯಾಮೆರಾದೊಳಗಿನ ಕನ್ನಡಿ ಏನು ಮಾಡುತ್ತಿತ್ತು ಎಂಬುದನ್ನು ಮೊದಲು ತಿಳಿಯಬೇಕು.

ಕನ್ನಡಿಯ ಕೆಲಸ

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್‌ನ ಹಿಂದೆ ಓರೆಯಾಗಿ ನಿಂತ ಕನ್ನಡಿ ಬೆಳಕನ್ನು ಮೇಲಕ್ಕೆ ತಿರುಗಿಸಿ, ಪಟ್ಟಕದ ಮೂಲಕ ಛಾಯಾಗ್ರಾಹಕನ ಕಣ್ಣಿಗೆ ತಲುಪಿಸುತ್ತದೆ. ಅದರ ಹಿಂದಿನ ಪುಟ್ಟ ಕನ್ನಡಿ ಒಂದಷ್ಟು ಬೆಳಕನ್ನು ಕ್ಯಾಮೆರಾದ ತಳದಲ್ಲಿರುವ ಫೋಕಸ್ ಘಟಕಕ್ಕೆ ಕಳುಹಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಶಟರ್ ತೆರೆಯುತ್ತದೆ, ಸೆನ್ಸರ್ ಮೇಲೆ ಬೆಳಕು ಬೀಳುತ್ತದೆ. ಕನ್ನಡಿ ಕೆಳಗಿರುವವರೆಗೆ ಸೆನ್ಸರ್ ಕುರುಡು. ಕನ್ನಡಿ ಮೇಲಿರುವಷ್ಟು ಹೊತ್ತು ಛಾಯಾಗ್ರಾಹಕ ಕುರುಡು.

ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿಯೂ ಇಲ್ಲ, ಪಟ್ಟಕವೂ ಇಲ್ಲ. ಬೆಳಕು ಸದಾ ಸೆನ್ಸರ್ ಮೇಲೆಯೇ ಬೀಳುತ್ತಿರುತ್ತದೆ. ಸೆನ್ಸರ್ ಕಂಡದ್ದನ್ನು ವ್ಯೂಫೈಂಡರ್‌ನೊಳಗಿನ ಪುಟ್ಟ ಪರದೆ ತೋರಿಸುತ್ತದೆ. ಫೋಕಸ್ ಅಳೆಯುವುದೂ ಸೆನ್ಸರ್‌ನದೇ ಕೆಲಸ. 2008ರಲ್ಲಿ ಪ್ಯಾನಸೋನಿಕ್ ಜಿ1 ಈ ಬಗೆಗೆ ನಾಂದಿ ಹಾಡಿತು. 2013ರಲ್ಲಿ ಸೋನಿ ಎ7 ಪೂರ್ಣ ಗಾತ್ರದ ಸೆನ್ಸರ್‌ನೊಂದಿಗೆ ಬಂದಿತು. 2018ರಲ್ಲಿ ನಿಕಾನ್ ಝಡ್ ಸರಣಿಯನ್ನೂ ಕ್ಯಾನನ್ ಆರ್ ಸರಣಿಯನ್ನೂ ಆರಂಭಿಸಿದವು. 2020ರಲ್ಲಿ ಮೊದಲ ಬಾರಿಗೆ ಜಗತ್ತಿನ ಮಾರುಕಟ್ಟೆಗೆ ರವಾನೆಯಾದ ಮಿರರ್‌ಲೆಸ್ ಕ್ಯಾಮೆರಾಗಳ ಸಂಖ್ಯೆ ಡಿಎಸ್‌ಎಲ್‌ಆರ್‌ಗಳನ್ನು ಮೀರಿತು. ಆ ವರ್ಷದ ನಂತರ ಕ್ಯಾನನ್ ಆಗಲಿ ನಿಕಾನ್ ಆಗಲಿ ಹೊಸ ಡಿಎಸ್‌ಎಲ್‌ಆರ್ ಮಾದರಿಯನ್ನು ಹೊರತಂದಿಲ್ಲ.

ಚಿತ್ರದ ಗುಣಮಟ್ಟದಲ್ಲಿ ಭೇದವಿಲ್ಲ

ಕನ್ನಡಿ ತೆಗೆದ ಮಾತ್ರಕ್ಕೆ ಚಿತ್ರ ಚೆನ್ನಾಗಿ ಬರುವುದಿಲ್ಲ. ಹಾವೇರಿಯ ಸಿದ್ಧೇಶ್ವರ ದೇವಾಲಯದ ಕಂಬಗಳನ್ನೋ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಯ ಶಿಲ್ಪಗಳನ್ನೋ ಸ್ಟ್ಯಾಂಡ್ ಹಾಕಿ ನಿಧಾನವಾಗಿ ಚಿತ್ರಿಸಿದರೆ, ಒಂದೇ ಕಾಲದ ಮತ್ತು ಒಂದೇ ಗಾತ್ರದ ಸೆನ್ಸರ್‌ಗಳಿರುವ ಎರಡು ಬಗೆಯ ಕ್ಯಾಮೆರಾಗಳ ಚಿತ್ರಗಳಲ್ಲಿ ವ್ಯತ್ಯಾಸ ಗುರುತಿಸುವುದು ಕಷ್ಟ. ಬೆಳಕು-ನೆರಳುಗಳ ವಿವರ ಹಿಡಿಯುವುದು ಸೆನ್ಸರ್, ಕನ್ನಡಿಯಲ್ಲ.

ಪರೋಕ್ಷ ಲಾಭವೊಂದಿದೆ. ಕನ್ನಡಿಗೆ ಜಾಗ ಬಿಡಬೇಕಾಗಿದ್ದರಿಂದ ನಿಕಾನ್ ಡಿಎಸ್‌ಎಲ್‌ಆರ್‌ಗಳಲ್ಲಿ ಲೆನ್ಸ್ ಕೂರುವ ಬಳೆಗೂ ಸೆನ್ಸರ್‌ಗೂ ನಡುವೆ 46.5 ಮಿ.ಮೀ. ಅಂತರವಿತ್ತು. ಝಡ್ ಸರಣಿಯಲ್ಲಿ ಅದು 16 ಮಿ.ಮೀ.ಗೆ ಇಳಿಯಿತು. ಕ್ಯಾನನ್‌ನಲ್ಲಿ 44 ಮಿ.ಮೀ. ಇದ್ದದ್ದು 20 ಆಯಿತು. ಲೆನ್ಸ್ ತಯಾರಕರಿಗೆ, ವಿಶೇಷವಾಗಿ ವಿಶಾಲ ನೋಟದ ಲೆನ್ಸ್‌ಗಳಲ್ಲಿ, ಹೆಚ್ಚಿನ ಸ್ವಾತಂತ್ರ್ಯ ದೊರೆಯಿತು. ಆದರೆ ಎರಡು ಬಗೆಗಳ ನಿಜವಾದ ಪೈಪೋಟಿ ಇರುವುದು ಗುಣಮಟ್ಟದಲ್ಲಲ್ಲ. ನೋಡುವ, ಫೋಕಸ್ ಮಾಡುವ ಮತ್ತು ಕ್ಷಣವನ್ನು ಹಿಡಿಯುವ ಕೆಲಸದಲ್ಲಿ.

ರಾಣೆಬೆನ್ನೂರು: ಕೃಷ್ಣಮೃಗದ ಪರೀಕ್ಷೆ

1974ರಲ್ಲಿ ಘೋಷಿತವಾದ, 119 ಚದರ ಕಿ.ಮೀ. ವಿಸ್ತಾರದ ರಾಣೆಬೆನ್ನೂರು ಅಭಯಾರಣ್ಯ ಕೃಷ್ಣಮೃಗಗಳಿಗೆ ಹೆಸರಾಗಿದೆ. ಕೃಷ್ಣಮೃಗ ಬಲು ಅಂಜುಕುಳಿ. ಡಿಎಸ್‌ಎಲ್‌ಆರ್‌ನ ಕನ್ನಡಿ ಬಡಿಯುವ ‘ಟಪ್’ ಸದ್ದಿಗೆ ಕಿವಿ ನಿಮಿರಿಸುವ ಪ್ರಾಣಿ ಇದು. ಮಿರರ್‌ಲೆಸ್‌ನ ವಿದ್ಯುನ್ಮಾನ ಶಟರ್‌ಗೆ ಸದ್ದೇ ಇಲ್ಲ. ಅಲ್ಲದೆ, ಡಿಎಸ್‌ಎಲ್‌ಆರ್‌ನ ಫೋಕಸ್ ಬಿಂದುಗಳು ಚೌಕಟ್ಟಿನ ನಡುಭಾಗದಲ್ಲೇ ಗುಂಪುಗೂಡಿದ್ದರೆ, ಮಿರರ್‌ಲೆಸ್‌ನಲ್ಲಿ ಅವು ಬಹುತೇಕ ಅಂಚಿನವರೆಗೂ ಹರಡಿವೆ. 2019ರಿಂದೀಚೆಗೆ ಪ್ರಾಣಿಯ ಕಣ್ಣನ್ನೇ ಗುರುತಿಸಿ ಫೋಕಸ್ ಹಿಡಿಯುವ ಸೌಲಭ್ಯವೂ ಬಂದಿದೆ. ಬಿಳಿ ಬಳೆಯೊಳಗೆ ಕಪ್ಪು ಕಣ್ಣಿರುವ ಗಂಡು ಕೃಷ್ಣಮೃಗದ ಚಿತ್ರಕ್ಕೆ ಇದು ದೊಡ್ಡ ಉಪಕಾರ.

ಕೊರತೆ ಕಾಣುವುದೂ ಇಲ್ಲೇ. ವಿದ್ಯುನ್ಮಾನ ಶಟರ್ ಬಳಸಿದಾಗ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಗೇ ಓದುವುದಿಲ್ಲ. ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಸಾಧಾರಣ ಬೆಲೆಯ ಅನೇಕ ಕ್ಯಾಮೆರಾಗಳಲ್ಲಿ ಇದಕ್ಕೆ 1/15ರಿಂದ 1/60 ಸೆಕೆಂಡ್‌ವರೆಗೆ ಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುವ ಕೃಷ್ಣಮೃಗ 1/20 ಸೆಕೆಂಡಿನಲ್ಲಿ ಒಂದು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ! ಕೊಂಬು ಒಂದು ಕಡೆ, ಕಾಲು ಇನ್ನೊಂದು ಕಡೆ ಎಂಬಂತೆ ಚಿತ್ರ ಓರೆಯಾಗುತ್ತದೆ. ಇದನ್ನು ತಪ್ಪಿಸಲು ಯಾಂತ್ರಿಕ ಶಟರ್ ಬಳಸಿದರೆ ಸದ್ದು ಮತ್ತೆ ಹಾಜರು. ದುಬಾರಿ ಮಾದರಿಗಳಲ್ಲಿ ಈ ದೋಷ ಬಹುಮಟ್ಟಿಗೆ ನೀಗಿದೆ. 2021ರಲ್ಲಿ ಬಂದ ನಿಕಾನ್ ಝಡ್9 ಇಡೀ ಸೆನ್ಸರ್ ಅನ್ನು ಸುಮಾರು 1/270 ಸೆಕೆಂಡಿನಲ್ಲಿ ಓದುವುದರಿಂದ ಅದರಲ್ಲಿ ಯಾಂತ್ರಿಕ ಶಟರ್ ಅನ್ನೇ ಇಡಲಿಲ್ಲ.

ಎರಡನೆಯ ಕೊರತೆ ಬ್ಯಾಟರಿಯದು. ಡಿಎಸ್‌ಎಲ್‌ಆರ್‌ನಲ್ಲಿ ಕಣ್ಣಿಟ್ಟು ಕಾಯಲು ಹೆಚ್ಚಿನ ವಿದ್ಯುತ್ ಬೇಕಿಲ್ಲ. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಮತ್ತು ಪರದೆ ಎರಡೂ ಉರಿಯುತ್ತಲೇ ಇರಬೇಕು. ಉದ್ಯಮದ ಅಳತೆಯಂತೆ ನಿಕಾನ್ ಡಿ850 ಒಂದು ಚಾರ್ಜಿಗೆ 1,840 ಚಿತ್ರ ತೆಗೆದರೆ, ಮರುವರ್ಷ ಬಂದ ಝಡ್7 ತೆಗೆಯುತ್ತಿದ್ದುದು 330 ಮಾತ್ರ. ಸತತವಾಗಿ ಕ್ಲಿಕ್ಕಿಸುವಾಗ ಇದಕ್ಕಿಂತ ಹೆಚ್ಚು ಸಿಗುತ್ತದೆ, ನಿಜ. ಆದರೆ ಬೆಳಗಿನಿಂದ ಪೊದೆಯ ಮರೆಯಲ್ಲಿ ಕಾಯುವವರು ಜೇಬಿನಲ್ಲಿ ಇನ್ನೆರಡು ಬ್ಯಾಟರಿ ಇಟ್ಟುಕೊಳ್ಳುವುದು ಅನಿವಾರ್ಯ.

ಬ್ಯಾಡಗಿ: ಕೆಂಪು ಮತ್ತು ದೂಳು

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಮಾನ್ಯತೆ ದೊರೆಯಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಅದರ ಹಿರಿಮೆ. ಆ ಬಣ್ಣವೇ ಕ್ಯಾಮೆರಾಗೆ ಕಂಟಕ. ಮಾರುಕಟ್ಟೆಯ ಅಂಗಳದಲ್ಲಿ ಬಿಸಿಲಿಗೆ ಬಿದ್ದ ಮೆಣಸಿನಕಾಯಿ ರಾಶಿಯನ್ನು ಚಿತ್ರಿಸುವಾಗ ಕೆಂಪಿನ ಅಂಶ ಮಿತಿ ಮೀರಿ, ಕಾಯಿಯ ಸುಕ್ಕುಗಳೆಲ್ಲ ಅಳಿಸಿಹೋಗಿ ಬರೀ ಕೆಂಪು ಬಳಿದಂತೆ ಕಾಣುತ್ತದೆ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿ ಇದು ತಿಳಿಯದು. ಚಿತ್ರ ತೆಗೆದ ನಂತರವೇ ಪರದೆಯಲ್ಲಿ ನೋಡಿ ಸರಿಪಡಿಸಿಕೊಳ್ಳಬೇಕು. ಮಿರರ್‌ಲೆಸ್‌ನಲ್ಲಿ ಬೆಳಕಿನ ಪ್ರಮಾಣ ಹೆಚ್ಚೋ ಕಡಿಮೆಯೋ ಎಂಬುದು ಗುಂಡಿ ಒತ್ತುವ ಮೊದಲೇ ಕಣ್ಣಿಗೆ ಕಾಣುತ್ತದೆ.

ಆದರೆ ಆ ಪರದೆ ಪೂರ್ಣ ಸತ್ಯ ಹೇಳುವುದಿಲ್ಲ. ಸಾಮಾನ್ಯವಾಗಿ ಅದು ತೋರಿಸುವುದು ಕ್ಯಾಮೆರಾ ಸಂಸ್ಕರಿಸಿದ ಜೆಪೆಗ್ ಚಿತ್ರದ ಲೆಕ್ಕ, ಸೆನ್ಸರ್‌ನ ಮೂಲ ರಾ ದತ್ತಾಂಶದ ಲೆಕ್ಕವಲ್ಲ. ಕೆಂಪು ಮಿತಿ ಮೀರಿತು ಎಂದು ಪರದೆ ಎಚ್ಚರಿಸಿದಾಗಲೂ ರಾ ಕಡತದಲ್ಲಿ ವಿವರ ಉಳಿದಿರಬಹುದು. ನಡುಹಗಲ ಬಿಸಿಲಿಗೆ ಹೊಂದಿಕೊಂಡ ಕಣ್ಣಿಗೆ ಪುಟ್ಟ ಪರದೆ ಮಂಕಾಗಿ ಕಾಣುವುದೂ ಉಂಟು. 2021ರ ಸೋನಿ ಎ1ರಲ್ಲಿ ವ್ಯೂಫೈಂಡರ್ ಪರದೆ ಸೆಕೆಂಡಿಗೆ 240 ಬಾರಿ ಬದಲಾಗುವ ಮಟ್ಟ ತಲುಪಿತು; ಹಳೆಯ ಮಾದರಿಗಳ ತಡವರಿಕೆ ಈಗಿಲ್ಲ. ಆದರೂ ಗಾಜಿನ ಮೂಲಕ ನೇರವಾಗಿ ಬರುವ ಬೆಳಕಿನ ಸಹಜತೆಗೆ ಪರದೆ ಇನ್ನೂ ಸರಿಗಟ್ಟಿಲ್ಲ.

ದೂಳು ಮತ್ತೊಂದು ತೊಡಕು. ಘಾಟಿಗೆ ಸೀನು ಬರಿಸುವ ಮಾರುಕಟ್ಟೆಯಲ್ಲಿ ಲೆನ್ಸ್ ಬದಲಿಸಿದರೆ, ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಮತ್ತು ಶಟರ್ ಸೆನ್ಸರ್‌ಗೆ ಅಡ್ಡ ನಿಂತಿರುತ್ತವೆ. ಮಿರರ್‌ಲೆಸ್‌ನಲ್ಲಿ ಅನೇಕ ಬಾರಿ ಸೆನ್ಸರ್ ಬಯಲಾಗಿಯೇ ಇರುತ್ತದೆ. ಕ್ಯಾನನ್ ಆರ್‌ನಂಥ ಕೆಲವು ಮಾದರಿಗಳು ಸ್ವಿಚ್ ಆರಿಸಿದಾಗ ಶಟರ್ ಮುಚ್ಚಿಕೊಳ್ಳುವ ವ್ಯವಸ್ಥೆ ತಂದವು. ಎಲ್ಲ ತಯಾರಕರೂ ಇದನ್ನು ಎಲ್ಲ ಮಾದರಿಗಳಿಗೆ ವಿಸ್ತರಿಸಿಲ್ಲ.

ಹಾವೇರಿ: ಹೋರಿ ಹಬ್ಬ, ಮದುವೆ ಮಂಟಪ

ಹೋರಿಯ ಕೊರಳ ಕೊಬ್ಬರಿಗೆ ಕೈ ಬಿದ್ದದ್ದನ್ನು ಕಣ್ಣು ಕಂಡು, ಬೆರಳು ಗುಂಡಿ ಒತ್ತುವಷ್ಟರಲ್ಲಿ ಸುಮಾರು 1/5 ಸೆಕೆಂಡ್ ಕಳೆದಿರುತ್ತದೆ. ಎಂಥ ನುರಿತವರಿಗೂ ಇದು ತಪ್ಪಿದ್ದಲ್ಲ. ಸೆನ್ಸರ್ ಸದಾ ಎಚ್ಚರವಾಗಿರುವ ಮಿರರ್‌ಲೆಸ್‌ನಲ್ಲಿ ಇದಕ್ಕೆ ಪರಿಹಾರವಿದೆ. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಕ್ಯಾಮೆರಾ ಚಿತ್ರಗಳನ್ನು ತಾತ್ಕಾಲಿಕವಾಗಿ ನೆನಪಿನಲ್ಲಿಟ್ಟುಕೊಳ್ಳುತ್ತಾ, ಪೂರ್ತಿ ಒತ್ತಿದಾಗ ಅದಕ್ಕೂ ಹಿಂದಿನ ಚಿತ್ರಗಳನ್ನು ಉಳಿಸುತ್ತದೆ. ಕನ್ನಡಿ ಕೆಳಗಿರುವ ಡಿಎಸ್‌ಎಲ್‌ಆರ್‌ಗೆ ಇದು ಸಾಧ್ಯವೇ ಇಲ್ಲ. ಒಲಿಂಪಸ್ 2016ರಲ್ಲೇ ಈ ಸೌಲಭ್ಯ ನೀಡಿತ್ತು. ನಿಕಾನ್ ಝಡ್9ಗೆ 2022ರಲ್ಲಿ ತಂತ್ರಾಂಶದ ಮೂಲಕವೇ ಇದು ಬಂದಿತು. ಆದರೆ ಜೆಪೆಗ್‌ನಲ್ಲಿ ಮಾತ್ರ.

ಮದುವೆ ಮಂಟಪದ ಕಥೆ ಬೇರೆ. ಅಲ್ಲಿ ಈಗ ಎಲ್ಲೆಲ್ಲೂ ಎಲ್‌ಇಡಿ ದೀಪ, ಎಲ್‌ಇಡಿ ಗೋಡೆ. ಅನೇಕ ಎಲ್‌ಇಡಿಗಳು ಕಣ್ಣಿಗೆ ತಿಳಿಯದಷ್ಟು ಬೇಗ ಹತ್ತಿ ಆರುತ್ತವೆ. ಸೆನ್ಸರ್ ಸಾಲು ಸಾಲಾಗಿ ಓದುವಾಗ ಕೆಲವು ಸಾಲುಗಳು ಬೆಳಗಿ, ಕೆಲವು ಮಸುಕಾಗಿ, ವಧುವಿನ ಮುಖದ ಮೇಲೆ ಅಡ್ಡಪಟ್ಟಿಗಳು ಮೂಡುತ್ತವೆ. ಸದ್ದಿಲ್ಲದ ಶಟರ್‌ನಲ್ಲಿ ಬಹುತೇಕ ಸಾಧಾರಣ ಮಾದರಿಗಳು ಫ್ಲ್ಯಾಶ್ ಹೊತ್ತಿಸಲಾರವು. ಹೀಗಾಗಿ ಮಂಟಪದಲ್ಲಿ ಮಿರರ್‌ಲೆಸ್ ಹಿಡಿದವರೂ ಯಾಂತ್ರಿಕ ಶಟರ್‌ಗೇ ಮೊರೆ ಹೋಗಬೇಕು. ಇನ್ನು ಬೇಸಿಗೆಯ ಲಗ್ನಗಳಲ್ಲಿ ದೀರ್ಘ ವಿಡಿಯೊ ತೆಗೆಯುವವರಿಗೆ ಕಾಯುವಿಕೆ ಎಂಬ ಸಮಸ್ಯೆ. 2020ರಲ್ಲಿ ಬಂದ ಕ್ಯಾನನ್ ಆರ್5 ಬಿಸಿಯೇರುವ ಕಾರಣಕ್ಕೆ 8ಕೆ ಚಿತ್ರೀಕರಣವನ್ನು ಸುಮಾರು 20 ನಿಮಿಷಕ್ಕೆ ನಿಲ್ಲಿಸುತ್ತಿತ್ತು.

ಜರಿಯಂಚಿನ ಅಡ್ಡಗೆರೆಗಳ ಮೇಲೆ ಫೋಕಸ್ ಹಿಡಿಯಲು ಕೆಲವು ಮಿರರ್‌ಲೆಸ್‌ಗಳು ತಡವರಿಸುತ್ತವೆ. ಸೆನ್ಸರ್ ಮೇಲಿನ ಫೋಕಸ್ ಬಿಂದುಗಳು ಹೆಚ್ಚಾಗಿ ಒಂದೇ ದಿಕ್ಕಿನ ಗೆರೆಗಳನ್ನು ಗ್ರಹಿಸುವುದು ಇದಕ್ಕೆ ಕಾರಣ. ಡಿಎಸ್‌ಎಲ್‌ಆರ್‌ಗಳಲ್ಲಿ ಎರಡೂ ದಿಕ್ಕು ನೋಡುವ ಬಿಂದುಗಳು ಹಿಂದಿನಿಂದಲೂ ಇದ್ದವು. ಮಿರರ್‌ಲೆಸ್‌ನಲ್ಲಿ 2024ರ ಕ್ಯಾನನ್ ಆರ್1ನಂಥ ಕೆಲವೇ ಮಾದರಿಗಳು ಈ ಅಂತರ ತುಂಬಿವೆ.

ಯಾರಿಗೆ ಮುಂದಿನ ದಾರಿ?

ಮೇಲಿನ ಕೊರತೆಗಳ ಪಟ್ಟಿ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಓದುವ ವೇಗ, ಪರದೆಯ ಸ್ಪಷ್ಟತೆ, ವಿದ್ಯುತ್ ಬಳಕೆ, ಬಿಸಿ ಇವೆಲ್ಲ ಬಹುಪಾಲು ವಿದ್ಯುನ್ಮಾನ ಬಿಡಿಭಾಗಗಳ ಮಿತಿಗಳು. ಚಿಪ್ ಸುಧಾರಿಸಿದಂತೆ ಇವೂ ಸುಧಾರಿಸುತ್ತವೆ. ಡಿಎಸ್‌ಎಲ್‌ಆರ್‌ನ ಮಿತಿ ಯಾಂತ್ರಿಕವಾದದ್ದು. ಕನ್ನಡಿಯೊಂದು ಸೆಕೆಂಡಿಗೆ ಎಷ್ಟು ಬಾರಿ ಎದ್ದು ಕುಳಿತೀತು? 2020ರ ಕ್ಯಾನನ್ 1ಡಿಎಕ್ಸ್ ಮಾರ್ಕ್ 3 ಕನ್ನಡಿ ಆಡಿಸುತ್ತಾ 16 ಚಿತ್ರ ತೆಗೆಯುತ್ತಿತ್ತು; ಕನ್ನಡಿ ಎತ್ತಿ ಹಿಡಿದಾಗ ಅದೇ ಕ್ಯಾಮೆರಾ 20 ತೆಗೆಯುತ್ತಿತ್ತು. ಡಿಎಸ್‌ಎಲ್‌ಆರ್ ತನ್ನ ಗರಿಷ್ಠ ವೇಗಕ್ಕೆ ತಾನೇ ಮಿರರ್‌ಲೆಸ್ ಆಗಬೇಕಾಯಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

2023ರಲ್ಲಿ ಪ್ರಕಟವಾದ ಸೋನಿ ಎ9-3 ಇಡೀ ಸೆನ್ಸರ್ ಅನ್ನು ಒಂದೇ ಗಳಿಗೆಯಲ್ಲಿ ಓದುತ್ತದೆ. ಓರೆಯಾಗುವ ದೋಷ ಅದರಲ್ಲಿಲ್ಲ, ಸೆಕೆಂಡಿಗೆ 120 ಚಿತ್ರ, ಯಾವುದೇ ಶಟರ್ ವೇಗದಲ್ಲೂ ಫ್ಲ್ಯಾಶ್. ಆದರೆ ಅದರ ಕನಿಷ್ಠ ಐಎಸ್‌ಒ 250. ಸಾಮಾನ್ಯ ಕ್ಯಾಮೆರಾಗಳ 100ಕ್ಕೆ ಹೋಲಿಸಿದರೆ ನೆರಳಿನ ವಿವರದಲ್ಲಿ ಸ್ವಲ್ಪ ತ್ಯಾಗವಿದೆ. 2024ರ ನಿಕಾನ್ ಝಡ್6-3 ವೇಗದ ಸೆನ್ಸರ್ ಅನ್ನು ಭಾಗಶಃ ಮಧ್ಯಮ ಬೆಲೆಗೆ ಇಳಿಸಿತು. ಅಲ್ಲಿಯೂ ಅಂಥದೇ ಅಲ್ಪ ತ್ಯಾಗ ಕಂಡುಬಂದಿತು. ವೇಗ ಮತ್ತು ಗುಣಮಟ್ಟ ಎರಡನ್ನೂ ಕೈಗೆಟಕುವ ಬೆಲೆಗೆ ಕೊಡುವುದೇ ಮಿರರ್‌ಲೆಸ್ ಮುಂದಿರುವ ನಿಜವಾದ ಸುಧಾರಣೆ.

ಸ್ಟುಡಿಯೊಗಳಿಗೆ ಇದರ ಅರ್ಥವೇನು? ಮದುವೆಯನ್ನು ಫ್ಲ್ಯಾಶ್ ಹಾಕಿ ಚಿತ್ರಿಸುವವರಿಗೆ ಸುಸ್ಥಿತಿಯ ಡಿಎಸ್‌ಎಲ್‌ಆರ್ ಇಂದೂ ಸಾಕು. ಅದನ್ನು ಮಾರಿ ಸಾಲ ಮಾಡುವ ತುರ್ತು ಇಲ್ಲ. ಹೊಸದಾಗಿ ವೃತ್ತಿಗೆ ಬರುವವರು, ವಿಡಿಯೊವನ್ನೇ ನೆಚ್ಚಿದವರು, ವನ್ಯಜೀವಿ ಮತ್ತು ಹೋರಿ ಹಬ್ಬದ ಚಿತ್ರ ತೆಗೆಯುವವರು ಮಿರರ್‌ಲೆಸ್‌ನತ್ತ ಹೋಗುವುದು ವಿವೇಕ. ಹಳೆಯ ಲೆನ್ಸ್‌ಗಳ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಕ್ಯಾನನ್‌ನ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಆಟೊಫೋಕಸ್ ಸಹಿತ ಕೆಲಸ ಮಾಡುತ್ತವೆ. ನಿಕಾನ್‌ನಲ್ಲಿ ಒಳಗೆ ಮೋಟಾರು ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳು ಕಂಪೆನಿಯ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಆಟೊಫೋಕಸ್ ಮಾಡುವುದಿಲ್ಲ. ಕ್ಯಾಮೆರಾದ ಬೆಲೆಯ ಜೊತೆಗೆ ಎರಡು ಹೆಚ್ಚುವರಿ ಬ್ಯಾಟರಿಗಳ ಬೆಲೆಯನ್ನೂ ಕೂಡಿಸಿಕೊಂಡೇ ತೀರ್ಮಾನಿಸುವುದು ಒಳಿತು.