ಸಂಬಳ ಕೊಡದ ಭಾಷೆಯ ಮೋಹ

ಆಫೀಸಿನಲ್ಲಿ ಎಂಟು ಗಂಟೆ ಕೋಡ್ ಬರೆದು, ಮನೆಗೆ ಬಂದು ಊಟ ಮುಗಿಸಿ, ಮತ್ತೆ ಲ್ಯಾಪ್‌ಟಾಪ್ ತೆಗೆದು ಕೋಡ್ ಬರೆಯೋರನ್ನ ನೀವು ನೋಡಿದ್ದೀರಾ? ಅದೂ ಯಾವ ಕಂಪನಿಯೂ ಕೇಳದ, ರೆಸ್ಯೂಮಿನಲ್ಲಿ ಹಾಕಿದರೆ ಎಚ್‌ಆರ್ ಅವರು "ಇದೇನಿದು?" ಅಂತ ಕೇಳುವ ಭಾಷೆಯಲ್ಲಿ? ನಮ್ಮ ಪೈಕಿ ಇಂಥವರು ಕಡಿಮೆ. ಆದರೆ ಇದ್ದಾರೆ. ನಾನೂ ಆ ಗುಂಪಿಗೇ ಸೇರಿದವನು.

ಹಗಲಲ್ಲಿ ನನ್ನ ಅನ್ನದ ಭಾಷೆ ಜಾವಾ. ಶನಿವಾರ, ಭಾನುವಾರ ರಾಜಘಟ್ಟದ ಮನೆಯಲ್ಲಿ ನಾನು ಬರೆಯೋದು ನಿಮ್ ಅನ್ನೋ ಭಾಷೆಯಲ್ಲಿ. ಬೇವಲ್ಲ, 'ನಿಮ್ಮ' ಅನ್ನೋದರ ಅರ್ಧವೂ ಅಲ್ಲ. ಆಂಡ್ರಿಯಾಸ್ ರಂಫ್ ಎಂಬ ಜರ್ಮನ್ ಪ್ರೋಗ್ರಾಮರ್ 2005ರಲ್ಲಿ ಕಟ್ಟೋಕೆ ಶುರು ಮಾಡಿದ ಭಾಷೆ ಇದು. ಮೊದಲ ಹೆಸರು ನಿಮ್‌ರಾಡ್. 2008ರ ಹೊತ್ತಿಗೆ ತನ್ನ ಕಂಪೈಲರನ್ನ ತಾನೇ ಕಂಪೈಲ್ ಮಾಡಿಕೊಳ್ಳುವಷ್ಟು ಬೆಳೆಯಿತು. 2014ರಲ್ಲಿ ಹೆಸರು ಮೊಟಕಾಗಿ ನಿಮ್ ಆಯಿತು. 1.0 ಆವೃತ್ತಿ ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ಲೆಕ್ಕ ಹಾಕಿ, ಹದಿನಾಲ್ಕು ವರ್ಷ! ನಮ್ಮಲ್ಲಿ ಎರಡು ವಾರದ ಸ್ಪ್ರಿಂಟ್ ಒಂದು ದಿನ ತಡವಾದರೆ ಮೀಟಿಂಗ್ ಕರೀತಾರೆ.

ನೋಡೋಕೆ ಪೈಥಾನ್ ಥರ. ಬ್ರಾಕೆಟ್ ಇಲ್ಲ, ಸಾಲಿನ ಮುಂದೆ ಬಿಟ್ಟ ಜಾಗವೇ ವ್ಯಾಕರಣ. ಒಳಗಡೆ ಮಾತ್ರ ಅದು ಸಿ ಭಾಷೆಯ ಕೋಡ್ ಆಗಿ ಬದಲಾಗಿ, ಕೊನೆಗೆ ಒಂದು ಚಿಕ್ಕ, ವೇಗದ ಪ್ರೋಗ್ರಾಮ್ ಕೈಗೆ ಬರುತ್ತೆ. ತಾಂತ್ರಿಕವಾಗಿ ಇದು ಆಕರ್ಷಣೆಯೇ. ಆದರೆ ವೇಗದ ಭಾಷೆಗಳು ಬೇಕಾದಷ್ಟಿವೆ. ಜನ ಅಂಟಿಕೊಳ್ಳೋದು ಅದಕ್ಕಲ್ಲ ಅಂತ ನನ್ನ ಅನಿಸಿಕೆ.

ದೊಡ್ಡ ಭಾಷೆಯಲ್ಲಿ ನೀವು ಬಾಡಿಗೆದಾರ. ಗೋಡೆಗೆ ಮೊಳೆ ಹೊಡೆಯೋಕೂ ಮಾಲೀಕನನ್ನ ಕೇಳಬೇಕು. ಚಿಕ್ಕ ಭಾಷೆಯಲ್ಲಿ ಒಂದು ಅನುಮಾನ ಕೇಳಿದರೆ ಕೆಲವೊಮ್ಮೆ ಉತ್ತರ ಬರೆಯೋದು ಭಾಷೆ ಮಾಡಿದ ಮನುಷ್ಯನೇ. ದಾಖಲೆಯಲ್ಲಿ ತಪ್ಪಿದ್ದರೆ ನೀವೇ ತಿದ್ದಿ ಕಳಿಸಬಹುದು, ಮುಂದಿನ ಆವೃತ್ತಿಯಲ್ಲಿ ನಿಮ್ಮ ಸಾಲು ಇರುತ್ತೆ. ಬೇಕಾದ ಲೈಬ್ರರಿ ಇಲ್ಲವಾ? ಹಾಗಾದರೆ ಅದನ್ನ ಬರೆಯೋ ಮೊದಲಿಗ ನೀವೇ ಆಗಬಹುದು. ಪ್ರತಿ ಡಿಸೆಂಬರ್‌ನಲ್ಲಿ ಅಡ್ವೆಂಟ್ ಆಫ್ ಕೋಡ್ ಒಗಟುಗಳು ಬಂದಾಗ ನೋಡಿ, ಎಲ್ಲೆಲ್ಲಿಂದಲೋ ಜನ ಇಂಥ ಭಾಷೆಗಳನ್ನ ಹಿಡಿದು, ನಿದ್ದೆಗೆಟ್ಟು ಕೂತಿರ್ತಾರೆ. ಬಹುಮಾನ ಏನೂ ಇಲ್ಲ.

ನನ್ನನ್ನ ಹಿಡಿದುಹಾಕಿದ್ದು ಇನ್ನೊಂದು ವಿಷಯ. ಅದು ಕನ್ನಡದ್ದು.

ಗೂಗಲ್ 2009ರಲ್ಲಿ ಹೊರತಂದ ಗೋ ಭಾಷೆ ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ಓಡ್ತಿದೆ. ಒಳ್ಳೆಯ ಭಾಷೆ, ಅನುಮಾನವಿಲ್ಲ. ಆದರೆ ಅದರಲ್ಲಿ ಒಂದು ವೇರಿಯಬಲ್‌ಗೆ 'ಮನೆ' ಅಂತ ಹೆಸರಿಡಿ ನೋಡೋಣ. ಆಗಲ್ಲ. 'ಮನ' ಅಂತ ಇಡಬಹುದು! ಯಾಕೆ ಗೊತ್ತಾ? ಯೂನಿಕೋಡ್ ಪ್ರಕಾರ ಮ ಮತ್ತು ನ ಅಕ್ಷರಗಳು, ಆದರೆ ನಕಾರಕ್ಕೆ ಹತ್ತಿರುವ ಎತ್ವ ಅಕ್ಷರವಲ್ಲ, ಅಕ್ಷರಕ್ಕೆ ಅಂಟುವ ಒಂದು ಚಿಹ್ನೆ. ಗೋ ಹೆಸರುಗಳಲ್ಲಿ ಅಕ್ಷರ ಮತ್ತು ಅಂಕಿಗೆ ಮಾತ್ರ ಪ್ರವೇಶ. ಕಾಗುಣಿತ ಹೊರಗೆ. ಇದೇನು ಕಣ್ತಪ್ಪಲ್ಲ. ಅಂಟುವ ಚಿಹ್ನೆಗಳನ್ನ ಬೇಕೆಂದೇ ಬಿಟ್ಟಿದ್ದೇವೆ, ಇದರಿಂದ ದೇವನಾಗರಿಯಂಥವು ಹೊರಗುಳಿಯುತ್ತವೆ ಅಂತ ಗೋದವರ ಪ್ರಶ್ನೋತ್ತರ ಪುಟದಲ್ಲೇ ಒಪ್ಪಿಕೊಂಡಿದ್ದಾರೆ. ಅದರ ಮೇಲೆ ಇನ್ನೊಂದು: ಬೇರೆ ಕಡತದ ಗುಂಪುಗಳಿಗೆ ಕಾಣಬೇಕಾದ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲಿಂದ ತರೋಣ?

ಪೈಥಾನ್ ಇದಕ್ಕಿಂತ ಉದಾರಿ. 2008ರಲ್ಲಿ ಬಂದ ಮೂರನೇ ಆವೃತ್ತಿಯಿಂದ 'ಮನೆ' ಅಲ್ಲಿ ಸಲೀಸು. ಆದರೆ 'ರ‍್ಯಾಂಕ್' ಅಂತ ಹೆಸರಿಟ್ಟರೆ ಜಗಳ ತೆಗೆಯುತ್ತೆ. ಆ ರಕಾರ ಅರ್ಕಾವೊತ್ತು ಆಗದೆ ಹಾಗೇ ಪೂರ್ತಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಬೇಕು. ಪೈಥಾನ್ ಆ ಜೋಡಕವನ್ನ ಹೆಸರಿನೊಳಗೆ ಬಿಡೋದಿಲ್ಲ.

ನಿಮ್ ಎರಡನ್ನೂ ಬಿಡುತ್ತೆ. ಇಂಗ್ಲಿಷ್ ಅಕ್ಷರಮಾಲೆಯ ಆಚೆಗಿನ ಹೆಚ್ಚುಕಡಿಮೆ ಯಾವ ಬೈಟ್ ಬಂದರೂ "ಸರಿ, ಹೆಸರಿನ ಭಾಗ" ಅಂತ ಒಳಗೆ ಸೇರಿಸಿಕೊಳ್ಳುತ್ತೆ. ಇದು ಕನ್ನಡದ ಮೇಲಿನ ಪ್ರೀತಿ ಅಂದ್ಕೋಬೇಡಿ. ಅದಕ್ಕೆ ಕನ್ನಡ ಗೊತ್ತೇ ಇಲ್ಲ. 'ಮನೆ' ಪದದ ಉದ್ದ ಎಷ್ಟು ಅಂತ ಕೇಳಿದರೆ 9 ಅನ್ನುತ್ತೆ, ಯಾಕಂದ್ರೆ ಅದು ಎಣಿಸೋದು ಬೈಟ್‌ಗಳನ್ನ. ಯೂನಿಕೋಡ್ ಲೆಕ್ಕದಲ್ಲಿ ಕೇಳಿದರೆ 3. ಒಂದನೇ ಕ್ಲಾಸಿನ ಮಗು ಹೇಳೋದು 2. ಮಗುವೇ ಸರಿ ಅನ್ನೋದು ನನ್ನ ಪಕ್ಷ. ಆದರೂ ಬಾಗಿಲು ಹಾಕದೆ ಬಿಟ್ಟಿದ್ದಕ್ಕೆ ನಿಮ್‌ಗೆ ಒಂದು ಸಲಾಂ.

ಒಳಗೆ ಹೋದ ಮೇಲೆ ಸಿಕ್ಕಿದ್ದು ಇನ್ನೂ ಚೆನ್ನಾಗಿತ್ತು. ನಿಮ್‌ನಲ್ಲಿ ಕೆಲಸದ ಹೆಸರನ್ನ ವಸ್ತುವಿನ ಮುಂದೆ ಬರೆದರೂ ಒಂದೇ, ಚುಕ್ಕಿ ಇಟ್ಟು ಹಿಂದೆ ಬರೆದರೂ ಒಂದೇ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು, ಆಮೇಲೆ ವಸ್ತು. ನಾವು ಹೇಳೋದು 'ನೀರು ಕೊಡು', 'ಬಾಗಿಲು ತೆಗಿ'. ಹಾಗಾಗಿ 'ಹೇಳು' ಅಂತ ಎರಡು ಸಾಲಿನ ಒಂದು ಪ್ರೊಸೀಜರ್ ಮಾಡಿಟ್ಟುಕೊಂಡರೆ, ಇದು ನಿಜವಾಗಿ ಓಡುವ ಕೋಡ್:

"ನಮಸ್ಕಾರ ರಾಜಘಟ್ಟ".ಹೇಳು

ಇನ್ನೊಂದು ತಮಾಷೆ ಇದೆ. ನಿಮ್‌ನಲ್ಲಿ ಹೆಸರಿನ ನಡುವಿನ ಅಡಿಗೆರೆಗೆ ಬೆಲೆಯೇ ಇಲ್ಲ. 'ಮನೆ_ಬಾಡಿಗೆ' ಮತ್ತು 'ಮನೆಬಾಡಿಗೆ' ಎರಡೂ ಒಂದೇ ವೇರಿಯಬಲ್. ಈ ನಿಯಮದ ಮೇಲೆ ಹೊರಗಿನವರು ಯಾವಾಗಲೂ ರೇಗ್ತಾರೆ, ಒಳಗಿನವರು ಯಾವಾಗಲೂ ಸಮರ್ಥಿಸ್ಕೋತಾರೆ. ಪದ ಕೂಡಿಸಿ ಬರೆಯೋದಾ ಬಿಡಿಸಿ ಬರೆಯೋದಾ ಅಂತ ತಲೆಮಾರುಗಳಿಂದ ಜಗಳ ಆಡಿಕೊಂಡು ಬಂದಿರೋ ಕನ್ನಡಿಗರಿಗೆ ಇದು ಹೊಸದೇನಲ್ಲ.

ಕನ್ನಡದಲ್ಲಿ ಪ್ರೋಗ್ರಾಮಿಂಗ್ ಅನ್ನೋ ಆಸೆ ನನ್ನಿಂದ ಶುರುವಾದದ್ದೂ ಅಲ್ಲ. ಡಾ. ಯು.ಬಿ. ಪವನಜ ಅವರು ಮಕ್ಕಳಿಗಾಗಿ ಲೋಗೋ ಭಾಷೆಯನ್ನ ಕನ್ನಡಕ್ಕೆ ತಂದಿದ್ದರು. ಲೋಗೋ ಅಂದರೆ 1967ರಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಜೊತೆಗಾರರು ಮಾಡಿದ, ಪರದೆ ಮೇಲೆ ಆಮೆ ಓಡಿಸಿ ಚಿತ್ರ ಬಿಡಿಸುವ ಭಾಷೆ. ತಮಿಳಿನಲ್ಲಿ ಎಳಿಲ್ ಅನ್ನೋ ಭಾಷೆಯೇ ಇದೆ, ಮುತ್ತು ಅಣ್ಣಾಮಲೈ ಮಾಡಿದ್ದು. ಇವು ಯಾವುದರಿಂದಲೂ ಯಾರೂ ಕೋಟ್ಯಧಿಪತಿ ಆಗಲಿಲ್ಲ.

ನಮ್ಮ ದೊಡ್ಡಬಳ್ಳಾಪುರದ ಕಡೆಯವರಿಗೆ ಅಪರೂಪದ ಕೋಡ್ ಅಂದರೆ ಅಚ್ಚರಿ ಆಗಬಾರದು. ಪವರ್‌ಲೂಮ್ ಸದ್ದಿನಲ್ಲೇ ಬೆಳೆದ ಊರು ಅದು. ಸೀರೆ ಸೆರಗಿನ ವಿನ್ಯಾಸಕ್ಕೆ ಮಗ್ಗದ ಮೇಲೆ ಸರಮಾಲೆಯಂತೆ ತೂಗುವ ರಟ್ಟಿನ ಜಕಾರ್ಡ್ ಕಾರ್ಡುಗಳನ್ನ ನೋಡಿರಬಹುದು. ತೂತು ಇದ್ದಲ್ಲಿ ಹಾಸಿನ ದಾರ ಮೇಲೇಳುತ್ತೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತೆ. ಒಂದು, ಸೊನ್ನೆ. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ತಂದ ಈ ಉಪಾಯವೇ ಮುಂದೆ ಕಂಪ್ಯೂಟರಿನ ತೂತುಕಾರ್ಡಿಗೆ ದಾರಿಯಾಯಿತು. ಆ ಕಾರ್ಡು ನೋಡಿದ ಕೂಡಲೇ ಹೂವು ಎಲ್ಲಿ ಬರುತ್ತೆ ಅಂತ ಹೇಳುವ ಕಣ್ಣು ಕೆಲವರಿಗೆ ಮಾತ್ರ ಇರುತ್ತೆ. ಎಲೆಕ್ಟ್ರಾನಿಕ್ ಜಕಾರ್ಡ್ ಬಂದ ಮೇಲೆ ಆ ಕಣ್ಣಿಗೆ ಕೆಲಸ ಕಡಿಮೆಯಾಗುತ್ತಿದೆ.

ಚಿಕ್ಕ ಭಾಷೆಗಳ ಭಯವೂ ಅದೇ. ನಾಳೆ ಇದು ಇರುತ್ತಾ? ನಿಮ್‌ನ 2.0 ಆವೃತ್ತಿ 2023ರ ಆಗಸ್ಟಿನಲ್ಲಿ ಬಂತು, ಸ್ಟೇಟಸ್ ಅನ್ನೋ ಸಂಸ್ಥೆ ತನ್ನ ಇಥೀರಿಯಂ ಸಾಫ್ಟ್‌ವೇರನ್ನ ಇದರಲ್ಲೇ ಬರೆದು ಹಣಸಹಾಯವನ್ನೂ ಮಾಡಿದೆ. ಆದರೂ ಮುಖ್ಯ ನಿರ್ಧಾರಗಳು ಇವತ್ತಿಗೂ ಬಹುಪಾಲು ರಂಫ್ ಒಬ್ಬರವೇ. ಅದನ್ನ ಒಪ್ಪದ ಕೆಲವರು ಹೊರನಡೆದು ತಮ್ಮದೇ ಕವಲು ಮಾಡಿಕೊಂಡರು. ಒಂಟಿ ಕಂಬದ ಮಂಟಪ ಅಂದರೆ ಹೀಗೇ. ಬ್ಯಾಂಕಿನ ವ್ಯವಸ್ಥೆಯನ್ನ ನಿಮ್‌ನಲ್ಲಿ ಬರೆಯೋಣ ಅಂತ ಆಫೀಸಲ್ಲಿ ಯಾರಾದರೂ ಹೇಳಿದರೆ ನಾನೇ ಬೇಡ ಅಂತೀನಿ.

ಹಾಗಂತ ಚಿಕ್ಕ ಭಾಷೆಗಳು ಬರೀ ಆಟಿಕೆಯೂ ಅಲ್ಲ. ಬೆಂಗಳೂರಲ್ಲಿ ನೀವು ನಮ್ಮ ಯಾತ್ರಿಯಲ್ಲಿ ಆಟೋ ಕರೆದಿದ್ದರೆ ಒಂದು ಚಿಕ್ಕ ಭಾಷೆಯನ್ನ ಆಗಲೇ ಮುಟ್ಟಿದ್ದೀರಿ. 2022ರಲ್ಲಿ ಬಂದ ಆ ಆ್ಯಪ್‌ನ ಕೋಡ್ ಎಲ್ಲರಿಗೂ ತೆರೆದಿಟ್ಟಿದೆ. ಹಿಂಬದಿ ಹ್ಯಾಸ್ಕೆಲ್, ಪರದೆಗಳಿಗೆ ಪ್ಯೂರ್‌ಸ್ಕ್ರಿಪ್ಟ್. ಈ ಪ್ಯೂರ್‌ಸ್ಕ್ರಿಪ್ಟ್ ಫಿಲ್ ಫ್ರೀಮನ್ ಎಂಬ ಒಬ್ಬ ವ್ಯಕ್ತಿ 2013ರಲ್ಲಿ ಶುರು ಮಾಡಿದ್ದು, ಹಿಂದೆ ಯಾವ ಗೂಗಲ್ಲೂ ಇರಲಿಲ್ಲ. ಯಾರದೋ ಬಿಡುವಿನ ಹುಚ್ಚು ಇನ್ಯಾರದೋ ಮೀಟರ್ ಓಡಿಸ್ತು.

ಹುಚ್ಚಿಗೂ ಊಟ ಬೇಕಲ್ವಾ? ಬೆಂಗಳೂರಿನ ಝೆರೋಧಾ 2024ರಲ್ಲಿ ಫ್ಲಾಸ್ ಫಂಡ್ ಅಂತ ಒಂದು ನಿಧಿ ಮಾಡಿ, ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕೊಡ್ತೀವಿ ಅಂತ ಘೋಷಿಸಿತು. ಬೇರೆಯವರ ಬಿಟ್ಟಿ ದುಡಿಮೆ ಮೇಲೆ ಕಟ್ಟಡ ಎಬ್ಬಿಸಿರೋ ನಮ್ಮ ಊರಿನ ಕಂಪನಿಗಳಲ್ಲಿ ಇನ್ನೂ ಹತ್ತು ಜನ ಇದನ್ನ ಮಾಡಿದರೆ ತಪ್ಪೇನಿಲ್ಲ.

ನನ್ನ ಸದ್ಯದ ಕೆಲಸ ತುಂಬಾ ಸಣ್ಣದು. ಅಪ್ಪ ಹೊಲದಲ್ಲಿ ಮಳೆ ಅಳೆದು ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡ್ತಾರೆ. ರಾಗಿಗೆ ಅದು ಬೇಕಾದ ಲೆಕ್ಕ. ಅದನ್ನ ಇಟ್ಟುಕೊಳ್ಳೋ ಒಂದು ಪ್ರೋಗ್ರಾಮನ್ನ ನಿಮ್‌ನಲ್ಲಿ, ಆದಷ್ಟೂ ಕನ್ನಡ ಹೆಸರುಗಳಲ್ಲೇ ಬರೀತಿದ್ದೀನಿ. ಆರನೇ ಕ್ಲಾಸಿನ ಅಕ್ಕನ ಮಗಳು ಪಕ್ಕದಲ್ಲಿ ಕೂತು ಓದ್ತಾಳೆ. ಇಂಗ್ಲಿಷ್ ಕೀವರ್ಡ್ ಬಂದಲ್ಲೆಲ್ಲ "ಇದ್ಯಾಕೆ ಹೀಗಿದೆ ಮಾಮ?" ಅನ್ನೋದು ಅವಳ ತಕರಾರು. ನಿಮ್‌ನಲ್ಲಿ ಟೆಂಪ್ಲೇಟ್ ಅನ್ನೋ ಸೌಲಭ್ಯ ಇರೋದ್ರಿಂದ ಹೊಸ ವಾಕ್ಯರಚನೆಯನ್ನೇ ಮಾಡ್ಕೋಬಹುದು. ನಾವು ಹೇಳೋದು 'ಮಳೆ ಬಂದರೆ ಕೊಡೆ ತಗೋ'. ಷರತ್ತು ಮೊದಲು, 'ರೆ' ಕೊನೆಗೆ. ಅದಕ್ಕೆ ತಕ್ಕಂತೆ ಮಾಡಿದ ಸಾಲು ಇದು:

(ಮಳೆ > 5).ಇದ್ದರೆ: "ನಾಳೆ ನೀರು ಬಿಡೋದು ಬೇಡ".ಹೇಳು

ಅವಳು ಒಂದೇ ಸಲಕ್ಕೆ ಓದಿ ಅರ್ಥ ಹೇಳಿದಳು. ಅದಕ್ಕೆ ಜೋಡಿಯಾಗಿ 'ಇಲ್ಲದಿದ್ದರೆ' ಬೇಕು. ಅಲ್ಲಿ ಮಾತ್ರ ಒಂದು ಪುಟ್ಟ ಇಂಗ್ಲಿಷ್ ಪದ ಇನ್ನೂ ನಡುವೆ ತೂರಿಕೊಂಡು ಕೂತಿದೆ. ಅದನ್ನ ತೆಗೆಯೋಕೆ ಮ್ಯಾಕ್ರೋ ಬರೀಬೇಕು, ಈ ಶನಿವಾರ ಅದಕ್ಕೇ ಇಟ್ಟಿದ್ದೀನಿ.