ಅಂಗಳದ ಬೆಂಚು ಬಾಳಿಕೆ ಬರಬೇಕೆ? ಅಂಟು ಮತ್ತು ಎಣ್ಣೆ ಲೇಪನದ ಕ್ರಮ



ಧಾರವಾಡದ ಮಗ್ಗುಲಿನ ಲಕಮನಹಳ್ಳಿಯ ಕಡೆ ಮುಂಗಾರು ಹಿಡಿಯಿತೆಂದರೆ ಜಿಟಿಜಿಟಿ ಮಳೆ. ಏಪ್ರಿಲ್‌–ಮೇ ತಿಂಗಳಲ್ಲಿ ಸುಡುವ ಬಿಸಿಲು. ಅಂಗಳದಲ್ಲಿಟ್ಟ ಬೆಂಚು, ಮೇಜುಗಳು ಕೆಲವೇ ಮಳೆಗಾಲಗಳಲ್ಲಿ ಸಂದು ಬಿಟ್ಟು ಅಲುಗಾಡತೊಡಗುತ್ತವೆ. ಬಡಿಗೇರರನ್ನು ದೂರುವ ಮೊದಲು ಕಾರಣ ತಿಳಿಯಿರಿ. ಕಟ್ಟಿಗೆ ನೀರುಂಡು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಉದ್ದಕ್ಕೆ ಈ ವ್ಯತ್ಯಾಸ ಅತ್ಯಲ್ಪ, ಅಗಲಕ್ಕೆ ಹೆಚ್ಚು. ಈ ಎಳೆದಾಟದಲ್ಲಿ ಅಂಟು ಸೋಲುತ್ತದೆ.

ಕಟ್ಟಿಗೆ: ಸಾಗವಾನಿಯ ಒಳಗಿನ ಚೇಗನ್ನೇ ಬಳಸಿರಿ, ಹೊರಗಿನ ಬಿಳಿ ಭಾಗಕ್ಕೆ ಒರಲೆ ಬೇಗ ಹತ್ತುತ್ತದೆ. ಹಲಗೆಗಳ ನಡುವೆ ಪಟ್ಟಿ ಇಟ್ಟು ನೆರಳಿನಲ್ಲಿ ಒಣಗಿಸಿರಿ. ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ ನೋಡಿರಿ. ತೂಕ ಇಳಿಯುವುದು ನಿಂತರೆ ಕಟ್ಟಿಗೆ ಒಣಗಿದೆ ಎಂದು ತಿಳಿಯಬಹುದು.

ಅಂಟು: ಮನೆಯೊಳಗಿನ ಸಾಮಾನಿಗೆ ಬಳಸುವ ಸಾಧಾರಣ ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ. ಡಬ್ಬಿಯ ಮೇಲೆ ‘ಡಿ-4’ ಎಂದಿದ್ದರೆ ಅದು ಹೊರಗಿನ ಬಳಕೆಗೆ ತಕ್ಕದ್ದು. ಅದರ ಮೇಲೂ ಲೇಪನ ಬೇಕು. ಎರಡು ಭಾಗ ಬೆರೆಸುವ ಎಪಾಕ್ಸಿ ಅಂಟೂ ಆಗುತ್ತದೆ. ಸಾಗವಾನಿಯಲ್ಲಿ ಸಹಜವಾದ ಎಣ್ಣೆ ಇರುವುದರಿಂದ ಸಂದನ್ನು ಥಿನ್ನರಿನಿಂದ ಒರೆಸಿ, ಒಣಗಿದ ಕೂಡಲೇ ಅಂಟು ಹಚ್ಚಿರಿ. ಬಿಗಿಯುವ ಸಾಧನವಿಲ್ಲದಿದ್ದರೆ ಹಗ್ಗ ಸುತ್ತಿ, ಕೋಲು ತಿರುವಿ ಬಿಗಿಯಿರಿ. ಎಪಾಕ್ಸಿಯಾದರೆ ಅಂಟೆಲ್ಲ ಹೊರಬರುವಷ್ಟು ಹಿಂಡಬೇಡಿರಿ. ಅಂಟೊಂದನ್ನೇ ನಂಬದೆ ಸಂದಿಗೆ ಬೆಣೆ ಹೊಡೆಯಿರಿ. ಮೊಳೆಯ ಬದಲು ಹಿತ್ತಾಳೆ ಇಲ್ಲವೆ ತುಕ್ಕು ಹಿಡಿಯದ ಉಕ್ಕಿನ ತಿರುಪು ಬಳಸಿರಿ. ಕೂಡುವ ಹಲಗೆಗಳನ್ನು ಒಂದಕ್ಕೊಂದು ಅಂಟಿಸದೆ ನಡುವೆ ಸುಮಾರು 5 ಮಿ.ಮೀ. ಸಂದು ಬಿಡಿರಿ. ನೀರು ಇಳಿದುಹೋಗುತ್ತದೆ, ಉಬ್ಬಲು ಜಾಗವೂ ಸಿಗುತ್ತದೆ.

ಲೇಪನ: ನಮ್ಮ ಹೊಲದ ಅಗಸಿಯ ಎಣ್ಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಗಾಣದ ಹಸಿ ಎಣ್ಣೆ ಬಹಳ ನಿಧಾನವಾಗಿ ಒಣಗುತ್ತದೆ, ಬೂಷ್ಟೂ ಹಿಡಿಯಬಹುದು. ಬಣ್ಣದ ಅಂಗಡಿಯಲ್ಲಿ ಸಿಗುವ, ಒಣಗಿಸುವ ದ್ರವ್ಯ ಬೆರೆಸಿದ ಅಗಸಿ ಎಣ್ಣೆಯನ್ನೇ ತನ್ನಿರಿ. ಶೇಂಗಾ ಎಣ್ಣೆ ಒಣಗದೆ ಧೂಳು ಹಿಡಿಯುತ್ತದೆ. ಮೊದಲ ಸಲ ಎಣ್ಣೆಗೆ ಸಮಪಾಲು ಟರ್ಪೆಂಟೈನ್‌ ಬೆರೆಸಿ ಹಚ್ಚಿ, ಸುಮಾರು 20 ನಿಮಿಷದ ನಂತರ ಹೆಚ್ಚಾದುದನ್ನು ಒರೆಸಿರಿ. ಪೂರ್ತಿ ಒಣಗಿದ ಮೇಲೆ ಇನ್ನೆರಡು ಸಲ ತೆಳ್ಳಗೆ ಹಚ್ಚಿರಿ. ಕಾಲುಗಳ ತುದಿ ಬಹುಬೇಗ ನೀರು ಹೀರುವುದರಿಂದ ಅಲ್ಲಿ ಎಣ್ಣೆಯ ಬದಲು ಎಪಾಕ್ಸಿ ಬಳಿಯಿರಿ. ಎರೆಮಣ್ಣಿನ ಮೇಲಿಡದೆ ಕಲ್ಲಿನ ಮೇಲಿಡಿರಿ.

ಎಚ್ಚರಿಕೆ: ಅಗಸಿ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆದರೆ ಒಳಗೇ ಕಾವೇರಿ, ಕಿಡಿ ತಾಗದೆಯೂ ಹೊತ್ತಿಕೊಳ್ಳಬಹುದು. ಹೊಟ್ಟಿನ ಬಣವೆ, ದನದ ಕೊಟ್ಟಿಗೆಗಳ ಹತ್ತಿರ ಅದನ್ನು ಬಿಡಲೇಬಾರದು. ಕೆಲಸ ಮುಗಿದ ಕೂಡಲೇ ನೀರಿನಲ್ಲಿ ನೆನೆಸಿ, ಬಯಲಲ್ಲಿ ಹರವಿ ಒಣಗಿಸಿರಿ.

ಪ್ರತಿ ವರ್ಷ ಮೇ ತಿಂಗಳಲ್ಲಿ, ಕೂರಿಗೆ–ಕುಂಟೆಗಳನ್ನು ಸಜ್ಜುಗೊಳಿಸುವ ದಿನಗಳಲ್ಲಿಯೇ, ಬೆಂಚನ್ನು ಉಜ್ಜಿ ಮತ್ತೊಂದು ಸಲ ಎಣ್ಣೆ ಹಚ್ಚಿರಿ. ಅರ್ಧ ದಿನದ ಈ ದುಡಿಮೆ ಹೊಸ ಬೆಂಚಿನ ಖರ್ಚನ್ನು ಉಳಿಸೀತು.